ಓಡುತ್ತಿರುವ ಪ್ಯಾಕೇಜಿನ ಹೆಸರು ಬದಲಿಸಬೇಕೇ? ‘ಶಿಮೊಗ-ಮಳೆ’ ಕಲಿಸಿದ ಲೆಕ್ಕ

2012ರ ಮಳೆಗಾಲದಲ್ಲಿ ನಾವಿಬ್ಬರು ಗೆಳೆಯರು ತೀರ್ಥಹಳ್ಳಿ ಕಡೆಯ ಮನೆಯೊಂದರ ಜಗಲಿಯಲ್ಲಿ ಕೂತು ಸಣ್ಣದೊಂದು ಪೈಥಾನ್ ಪ್ಯಾಕೇಜ್, ಅಂದರೆ ಬೇರೆಯವರೂ ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬಹುದಾದ ಕೋಡಿನ ಕಟ್ಟು, ಬರೆದೆವು. ಮಲೆನಾಡಿನಲ್ಲಿ ಅಂಗಳದಲ್ಲಿ ಮಳೆಮಾಪಕ ಇಟ್ಟು, ದಿನಾ ಬೆಳಿಗ್ಗೆ ಅಳೆದು, ನೋಟ್‌ಬುಕ್ಕಿನಲ್ಲಿ ಬರೆದಿಡುವ ಮನೆಗಳು ಬೇಕಾದಷ್ಟಿವೆ. ಹಳೆಯ ನೋಟ್‌ಬುಕ್ಕುಗಳಲ್ಲಿ ಲೆಕ್ಕ ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು) ಇರುತ್ತದೆ. ಅದನ್ನು ಮಿಲಿಮೀಟರಿಗೆ ತಿರುಗಿಸುವುದು, ತಿಂಗಳಿಗಿಷ್ಟು ಎಂದು ಕೂಡಿಸುವುದು, ಬೇಕು ಅಂದವರಿಗೆ ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆ ನಕ್ಷತ್ರದ ಪ್ರಕಾರ ಒಟ್ಟು ತೋರಿಸುವುದು. ಇಷ್ಟೇ ಅದರ ಕೆಲಸ. ಹೆಸರು ‘ಶಿಮೊಗ-ಮಳೆ’. ಇಂಗ್ಲಿಷಿನಲ್ಲಿ ಆಗ ಊರನ್ನು ಹಾಗೇ ಬರೆಯುತ್ತಿದ್ದರು, ನಾವೂ ಹಾಗೇ ಬರೆದೆವು.

ಎರಡು ವರ್ಷಕ್ಕೆ ಮೊದಲ ಪೆಟ್ಟು ಬಿತ್ತು. 2014ರ ನವೆಂಬರ್ 1ರಂದು ಸರ್ಕಾರ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಸರಿಪಡಿಸಿತು. ‘ಶಿಮೊಗ’ ಹೋಗಿ ‘ಶಿವಮೊಗ್ಗ’ ಆಯಿತು. ಕನ್ನಡದಲ್ಲಿ ಅದು ಮೊದಲಿಂದಲೂ ಶಿವಮೊಗ್ಗವೇ, ನಮಗೇನೂ ಬದಲಾಗಲಿಲ್ಲ. ಆದರೆ ಪ್ಯಾಕೇಜಿನ ಹೆಸರು ಒಂದೇ ದಿನದಲ್ಲಿ ಹಳೇ ಬೋರ್ಡಿನಂತೆ ಕಾಣತೊಡಗಿತು.

ಎರಡನೇ ತೊಂದರೆ ನಾವೇ ಮಾಡಿಕೊಂಡದ್ದು. ‘ಮಳೆ’ಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ. ಹೊರಗಿನವರು ಅದನ್ನು ‘ಮೇಲ್’ ಎಂದು ಓದುತ್ತಾರೆ, ಅಂದರೆ ಗಂಡು. ನಮ್ಮ ಮಳೆ ಲೆಕ್ಕದ ಪ್ಯಾಕೇಜ್ ಅವರ ಕಣ್ಣಿಗೆ ‘ಶಿವಮೊಗ್ಗದ ಗಂಡಸು’! ಹೊರರಾಜ್ಯದ ಒಬ್ಬರು ಇದು ಜನಗಣತಿಯ ಪ್ಯಾಕೇಜೇ ಎಂದು ವಿಚಾರಿಸಿದ್ದರು. ನಾವು ನಕ್ಕೆವು, ಆಮೇಲೆ ಸ್ವಲ್ಪ ನಾಚಿಕೆಯೂ ಆಯಿತು.

ಹಾಗಾಗಿ ಹೆಸರು ಬದಲಿಸಬೇಕೇ ಬೇಡವೇ ಎಂಬ ಜಗಳವನ್ನು ನಾವು ವರ್ಷಗಟ್ಟಲೆ ಆಡಿದ್ದೇವೆ. ಒಮ್ಮೆ ಬದಲಿಸಿ ಕೈ ಸುಟ್ಟುಕೊಂಡದ್ದೂ ಆಗಿದೆ. ನಿಮ್ಮ ಕೈಲೂ ನಾಲ್ಕು ಜನ ಬಳಸುವ ಪ್ಯಾಕೇಜ್ ಒಂದಿದ್ದು, ಅದರ ಹೆಸರು ನಿಮಗೆ ಚುಚ್ಚುತ್ತಿದ್ದರೆ, ಈ ಕ್ರಮದಲ್ಲಿ ಯೋಚಿಸಿ.

ಮೊದಲ ಹೆಜ್ಜೆ: ಯಾವ ಹೆಸರು ಎಂದು ಕೇಳಿಕೊಳ್ಳಿ

ಒಂದು ಪ್ಯಾಕೇಜಿಗೆ ಒಂದೇ ಹೆಸರು ಇರುತ್ತದೆ ಎಂದುಕೊಂಡಿದ್ದೆವು. ಒಂದು ಸಂಜೆ ಕೂತು ಪಟ್ಟಿ ಮಾಡಿದಾಗ ಎರಡು ಹಾಳೆ ತುಂಬಿತು. ಪುಟದ ತಲೆಯಲ್ಲಿ ದೊಡ್ಡದಾಗಿ ಕಾಣುವುದು ಬೋರ್ಡಿನ ಹೆಸರು. ಪ್ಯಾಕೇಜ್ ತಂದು ಹಾಕಿಕೊಡುವ ಪಿಪ್‌ನಲ್ಲೋ (ಪೈಥಾನಿಗೆ) ಎನ್‌ಪಿಎಂನಲ್ಲೋ (ಜಾವಾಸ್ಕ್ರಿಪ್ಟಿಗೆ) ಟೈಪ್ ಮಾಡುವುದು ಇನ್‌ಸ್ಟಾಲ್ ಹೆಸರು. ಕೋಡಿನ ಮೊದಲ ಸಾಲಿನಲ್ಲಿ ಬರುವುದು ಇಂಪೋರ್ಟ್ ಹೆಸರು. ಕೋಡು ಇಟ್ಟಿರುವ ರೆಪೊದ ವಿಳಾಸ ಬೇರೆ, ಟರ್ಮಿನಲ್ಲಿನಲ್ಲಿ ಕೊಡುವ ಕಮ್ಯಾಂಡ್ ಬೇರೆ. ಇವೆಲ್ಲ ಕಣ್ಣಿಗೆ ಕಾಣುವಂಥವು.

ಕಾಣದವು ಇನ್ನೂ ಜಾಸ್ತಿ. ಬಳಸುವವರ ಹೋಮ್ ಫೋಲ್ಡರಿನಲ್ಲಿ ನಿಮ್ಮ ಪ್ಯಾಕೇಜಿನ ಹೆಸರಿನ ಸೆಟ್ಟಿಂಗ್ಸ್ ಫೈಲ್ ಕೂತಿರುತ್ತದೆ. ಸರ್ವರಿನಲ್ಲಿ ಅದೇ ಹೆಸರಿನಿಂದ ಶುರುವಾಗುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು (ಪ್ರೋಗ್ರಾಮ್ ಹೊರಗಿನಿಂದ ಓದಿಕೊಳ್ಳುವ ಸೆಟ್ಟಿಂಗ್‌ಗಳು) ಇರುತ್ತವೆ. ಎಲ್ಲಕ್ಕಿಂತ ಕಳ್ಳ ಜಾಗ ಪಿಕಲ್ ಫೈಲು. ಪೈಥಾನಿನಲ್ಲಿ ಒಂದು ವಸ್ತುವನ್ನು ಪಿಕಲ್ ಮಾಡಿ, ಅಂದರೆ ಇದ್ದ ಹಾಗೇ ಫೈಲಿಗೆ ಉಳಿಸಿ, ಇಟ್ಟರೆ, ಅದರ ಕ್ಲಾಸ್ (ವಸ್ತುವಿನ ಅಚ್ಚು) ಯಾವ ಮಾಡ್ಯೂಲಿನದು (ಯಾವ ಕೋಡು ಫೈಲಿನದು) ಎಂಬುದು ಹೆಸರಿನ ರೂಪದಲ್ಲೇ ಫೈಲಿನೊಳಗೆ ಹೋಗುತ್ತದೆ. ಮಾಡ್ಯೂಲಿನ ಹೆಸರು ಬದಲಾದರೆ ಐದು ವರ್ಷ ಹಿಂದೆ ಉಳಿಸಿಟ್ಟ ಫೈಲು ತೆರೆಯುವುದೇ ಇಲ್ಲ. ಅಡುಗೆಮನೆಯ ಮಿಡಿ ಉಪ್ಪಿನಕಾಯಿಯಾದರೂ ಅಷ್ಟು ವರ್ಷ ಬಾಳುತ್ತದೆ.

ಇವೆಲ್ಲವನ್ನೂ ಒಟ್ಟಿಗೆ ಬದಲಿಸಬೇಕು ಎಂಬ ಕಾನೂನು ಎಲ್ಲೂ ಇಲ್ಲ. ನಮ್ಮೂರ ರೈಲು ನಿಲ್ದಾಣವನ್ನೇ ನೋಡಿ. ಬೋರ್ಡಿನಲ್ಲಿ ಶಿವಮೊಗ್ಗ ಟೌನ್ ಎಂದಿದೆ. ಟಿಕೆಟ್ ಬುಕ್ ಮಾಡುವಾಗ ಕೋಡು ಈಗಲೂ ‘ಎಸ್‌ಎಂಇಟಿ’. ಊರಿನ ಹಳೇ ಕಾಗುಣಿತ ಆ ನಾಲ್ಕು ಅಕ್ಷರದಲ್ಲಿ ಹಾಗೇ ಉಳಿದಿದೆ. ಯಾರಿಗೂ ರೈಲು ತಪ್ಪಿಲ್ಲ.

ಸಾಫ್ಟ್‌ವೇರಿನಲ್ಲೂ ಹೀಗೆ ಮಾಡಿ ಬದುಕಿದವರು ಬಹಳ ಜನ. ಕೋಡು, ಅದರ ಫಲಿತಾಂಶ ಎರಡನ್ನೂ ಒಂದೇ ಕಡೆ ಬರೆದಿಡುವ ಐಪೈಥಾನ್ ನೋಟ್‌ಬುಕ್ ಜೂಪಿಟರ್ ಆಗಿ ಹತ್ತು ವರ್ಷ ದಾಟಿತು. ಅದರ ಫೈಲಿನ ಬಾಲ ಇವತ್ತಿಗೂ ‘ಐಪಿವೈಎನ್‌ಬಿ’, ಅಂದರೆ ಐಪೈಥಾನ್ ನೋಟ್‌ಬುಕ್ಕೇ. ಚಿತ್ರ ಸಂಸ್ಕರಣೆಯ ‘ಪಿಲ್’ ಪ್ಯಾಕೇಜ್ ನಿಂತುಹೋದಾಗ ಅದನ್ನು ಮುಂದುವರಿಸಿದವರು ‘ಪಿಲ್ಲೋ’ ಎಂದು ಹೆಸರಿಟ್ಟರು. ಇನ್‌ಸ್ಟಾಲ್ ಮಾಡುವಾಗ ಪಿಲ್ಲೋ, ಇಂಪೋರ್ಟ್ ಮಾಡುವಾಗ ಈಗಲೂ ಪಿಲ್. ಹೊಸಬರು ಒಂದು ಸಲ ಗೊಂದಲಪಡುತ್ತಾರೆ ನಿಜ. ಆದರೆ ಆ ಹೊತ್ತಿಗೆ ಓಡುತ್ತಿದ್ದ ಕೋಡು ಬಹುಪಾಲು ಓಡುತ್ತಲೇ ಇತ್ತು.

ಎರಡು ಹೆಸರು ಇಟ್ಟುಕೊಂಡರೆ ಅದಕ್ಕೂ ಖರ್ಚಿದೆ. ಸೈಕಿಟ್-ಲರ್ನ್ ಎಂಬ ಪ್ರಸಿದ್ಧ ಪ್ಯಾಕೇಜಿನ ಇಂಪೋರ್ಟ್ ಹೆಸರು ‘ಎಸ್‌ಕೆ-ಲರ್ನ್’. ಜನ ಅದನ್ನೇ ಇನ್‌ಸ್ಟಾಲ್ ಹೆಸರು ಎಂದುಕೊಂಡು ಟೈಪ್ ಮಾಡುತ್ತಿದ್ದರು. ಬೇರೆ ಯಾರೋ ಕಿಡಿಗೇಡಿಗಳು ಆ ಹೆಸರು ಹಿಡಿಯದಿರಲಿ ಎಂದು ಖಾಲಿ ಪ್ಯಾಕೇಜೊಂದನ್ನು ಅಲ್ಲಿ ಕೂರಿಸಿದ್ದರು. ಕೊನೆಗೆ 2022ರ ಡಿಸೆಂಬರಿನಿಂದ ಒಂದು ವರ್ಷ ಅದನ್ನು ಆಗಾಗ ಇನ್‌ಸ್ಟಾಲ್ ಆಗದಂತೆ ಕೆಡಿಸಿ ಎಚ್ಚರಿಸಿ, 2023ರ ಡಿಸೆಂಬರಿನಿಂದ ಪೂರ್ತಿ ನಿಲ್ಲಿಸಿದರು. ಒಂದು ಅಡ್ಡಹೆಸರನ್ನು ಬಿಡಿಸಲು ಇಷ್ಟು ಪಾಡು.

ಎರಡನೇ ಹೆಜ್ಜೆ: ಕಾರಣಗಳನ್ನು ಮಂಡಿಯ ಅಡಿಕೆಯಂತೆ ವಿಂಗಡಿಸಿ

ನಮ್ಮ ಕಡೆ ಅಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಮಾಡುತ್ತಾರೆ. ಸರಕಿಗೆ ರೇಟು ಜಾಸ್ತಿ, ಗೊರಬಲಿಗೆ ಕಡಿಮೆ, ಮಂಡಿಗೆ ಬರುವುದರಲ್ಲಿ ಹೆಚ್ಚು ರಾಶಿ. ಹೆಸರು ಬದಲಿಸುವ ಕಾರಣಗಳೂ ಹಾಗೇ. ಎಲ್ಲವನ್ನೂ ಒಂದೇ ಮೂಟೆಗೆ ಸುರಿದು ತೂಗಿದರೆ ಮೋಸ ಹೋಗುತ್ತೀರಿ.

ಸರಕು ಎಂದರೆ ಕಾನೂನಿನ ಕಾರಣ. ಇದು ಬಂದರೆ ಬೇರೆ ದಾರಿ ಕಡಿಮೆ. ನೆಟ್‌ವರ್ಕ್ ಪರೀಕ್ಷಿಸುವ ಈಥರಿಯಲ್ 2006ರಲ್ಲಿ ವೈರ್‌ಶಾರ್ಕ್ ಆಯಿತು. ಅದನ್ನು ಬರೆದವರು ಕೆಲಸ ಬದಲಿಸಿದರು, ಹೆಸರಿನ ಟ್ರೇಡ್‌ಮಾರ್ಕ್ ಹಳೇ ಕಂಪನಿಯಲ್ಲೇ ಉಳಿಯಿತು. ಕೋಡು ಮುಕ್ತ, ಹೆಸರು ಮುಕ್ತವಲ್ಲ. ಇದನ್ನು ನಮ್ಮಲ್ಲಿ ಬಹಳ ಜನ ಗಮನಿಸುವುದೇ ಇಲ್ಲ. ಚಾಟ್ ಪ್ರೋಗ್ರಾಮ್ ಗೇಮ್ 2007ರಲ್ಲಿ ಪಿಜಿನ್ ಆದದ್ದು ಎಒಎಲ್ ಕಂಪನಿಯ ತಕರಾರಿನಿಂದ. ಕೋಡನ್ನು ತಾನಾಗಿ ಕಟ್ಟಿ ಪರೀಕ್ಷಿಸುವ ಹಡ್ಸನ್ 2011ರಲ್ಲಿ ಜೆಂಕಿನ್ಸ್ ಆದದ್ದು ಒರಾಕಲ್ ಹೆಸರಿನ ಮೇಲೆ ಹಕ್ಕು ಹೇಳಿದ್ದರಿಂದ. ಜನ ಕೋಡಿನ ಜೊತೆ ಹೊಸ ಹೆಸರಿಗೇ ನಡೆದುಬಂದರು, ಇವತ್ತು ಹಡ್ಸನ್ ಹೆಸರು ಎಷ್ಟು ಜನಕ್ಕೆ ನೆನಪಿದೆ?

ಬೆಟ್ಟೆ ಎಂದರೆ ತೂಕದ ಕಾರಣ, ಆದರೆ ಆತುರವಿಲ್ಲದ್ದು. ಹೆಸರು ಕೆಲಸಕ್ಕಿಂತ ಚಿಕ್ಕದಾಗಿಬಿಟ್ಟಿರುವುದು ಒಂದು. ಪೈಥಾನಿಗೆಂದು ಹುಟ್ಟಿದ ನೋಟ್‌ಬುಕ್ ಜೂಲಿಯಾ, ಆರ್ ಭಾಷೆಗಳಿಗೂ ಹಬ್ಬಿದಾಗ ‘ಐಪೈಥಾನ್’ ಎಂಬ ಅಂಗಿ ಬಿಗಿಯಾಯಿತು. ಜಾವಾಸ್ಕ್ರಿಪ್ಟಿನ ‘ಸಿಕ್ಸ್-ಟು-ಫೈವ್’ 2015ರಲ್ಲಿ ಬೇಬಲ್ ಆದದ್ದೂ ಇದಕ್ಕೇ. ಆರನೇ ಆವೃತ್ತಿಯ ಭಾಷೆಯನ್ನು ಐದಕ್ಕೆ ಇಳಿಸುವುದಷ್ಟೇ ಅದರ ಕೆಲಸವಾಗಿ ಉಳಿದಿರಲಿಲ್ಲ. ಹೆಸರು ಕೇಳಿದವರಿಗೆ ಮುಜುಗರವಾಗುವುದು ಇನ್ನೊಂದು. ಗಣಿತದ ಪ್ರೂಫ್‌ಗಳನ್ನು ಪರಿಶೀಲಿಸುವ ಫ್ರಾನ್ಸಿನ ‘ಕಾಕ್’ ಎಂಬ ಹಳೇ ಸಾಫ್ಟ್‌ವೇರ್ ಇಂಗ್ಲಿಷ್ ಕಿವಿಗೆ ಅಶ್ಲೀಲವಾಗಿ ಕೇಳುತ್ತಿತ್ತು. ವರ್ಷಗಟ್ಟಲೆ ಚರ್ಚೆಯಾಗಿ, 2025ರ ಮಾರ್ಚಿನಲ್ಲಿ 9.0 ಆವೃತ್ತಿಯೊಂದಿಗೆ ‘ರಾಕ್’ ಎಂಬ ಹೆಸರಿನಲ್ಲಿ ಹೊರಬಂತು. ಅದು ಹುಟ್ಟಿದ ಊರು ರಾಕೆಂಕೂರ್, ಆ ಊರಿನ ಹೆಸರಿನ ತುಂಡೇ ಹೊಸ ಹೆಸರು. ಊರಿನ ಹೆಸರು ಕಿತ್ತುಹಾಕಲು ನಾವು ಒದ್ದಾಡುತ್ತಿದ್ದಾಗ ಅವರು ಊರಿನ ಹೆಸರನ್ನೇ ಹುಡುಕಿಕೊಂಡು ಹೋದರು.

ರಾಶಿ ಎಂದರೆ ದಿನನಿತ್ಯದ ಕಿರಿಕಿರಿ. ಹುಡುಕಿದರೆ ಸಿಗುವುದಿಲ್ಲ, ಕಾಗುಣಿತ ತಪ್ಪುತ್ತದೆ, ಇನ್ನೊಂದು ಪ್ಯಾಕೇಜಿನ ಜೊತೆ ಗೊಂದಲ. ಇವು ನಿಜವಾದ ಕಾರಣಗಳೇ, ಆದರೆ ಇವುಗಳಲ್ಲಿ ಹೆಚ್ಚಿನವಕ್ಕೆ ವಿವರಣೆಯ ಸಾಲು ತಿದ್ದಿದರೆ ಸಾಕು.

ಗೊರಬಲು ಯಾವುದು ಎಂದು ನಾನು ಹೇಳಬೇಕೇ? ಹೆಸರು ಬೇಜಾರಾಯಿತು. ಲೋಗೋ ಹೊಸದು ಮಾಡಿಸಿದ್ದೇವೆ. ಕೋಡೆಲ್ಲ ತಿರುಗಿ ಬರೆದಿದ್ದೇವೆ, ಅದಕ್ಕೆ. ನಮ್ಮ ಜಗಳದಲ್ಲಿ ಅರ್ಧಕ್ಕರ್ಧ ಇದೇ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ವಿಂಗಡಿಸಿ ನೋಡಿದಾಗ ‘ಶಿಮೊಗ’ ಎಂಬ ಹಳೇ ಕಾಗುಣಿತ ರಾಶಿಗೆ ಬಿತ್ತು. ‘ಮೇಲ್’ ಎಂದು ಓದುವ ಕಷ್ಟ ರಾಶಿಗೂ ಬೆಟ್ಟೆಗೂ ನಡುವೆ. ಸರಕು ಒಂದೂ ಇರಲಿಲ್ಲ.

ಮೂರನೇ ಹೆಜ್ಜೆ: ಖರ್ಚು ಯಾರ ಜೇಬಿನಿಂದ?

ಹೆಸರು ಬದಲಿಸುವ ಖುಷಿ ನಮ್ಮದು, ಖರ್ಚು ಬಳಸುವವರದು. ಅವರು ಎಷ್ಟು ಜನ ಎಂದು ತಿಳಿಯಲು ಡೌನ್‌ಲೋಡ್ ಸಂಖ್ಯೆ ನಂಬಬೇಡಿ. ಅದರಲ್ಲಿ ಟೆಸ್ಟ್ ಓಡಿಸುವ ಯಂತ್ರಗಳೂ ಪ್ಯಾಕೇಜುಗಳ ನಕಲು ಇಟ್ಟುಕೊಳ್ಳುವ ಮಿರರ್‌ಗಳೂ ದಂಡಿಯಾಗಿ ಸೇರಿರುತ್ತವೆ. ಯಾವ ಯಾವ ರೆಪೊಗಳು ನಿಮ್ಮ ಪ್ಯಾಕೇಜನ್ನು ನೆಚ್ಚಿಕೊಂಡಿವೆ ಎಂದು ರೆಪೊಗಳನ್ನು ಇಡುವ ತಾಣ ಗಿಟ್‌ಹಬ್ ಪಟ್ಟಿ ತೋರಿಸುತ್ತದೆ, ಅದು ಒಂದು ಅಂದಾಜು. ಅದಕ್ಕೂ ಸಿಗದವರು ನಮ್ಮಂಥ ಕಡೆ ಜಾಸ್ತಿ. ತೋಟದ ಮನೆಯ ಹಳೇ ಕಂಪ್ಯೂಟರಿನಲ್ಲಿ ಒಮ್ಮೆ ಯಾರೋ ಹಾಕಿಕೊಟ್ಟ ಸ್ಕ್ರಿಪ್ಟು, ಕಾಲೇಜಿನ ಲ್ಯಾಬ್ ಮ್ಯಾನ್ಯುಯಲ್ಲಿನಲ್ಲಿ ಅಚ್ಚಾದ ಕಮ್ಯಾಂಡು. ಅಚ್ಚಾದ ಪುಸ್ತಕಕ್ಕೆ ಅಪ್‌ಡೇಟ್ ಹೋಗುವುದಿಲ್ಲ.

ಸುಮ್ನೆ ಹತ್ತು ಜನಕ್ಕೆ ಫೋನ್ ಮಾಡಿ. ನಾವು ಹಾಗೇ ಮಾಡಿದೆವು. ಕೊಪ್ಪದ ಹಿರಿಯ ಬೆಳೆಗಾರರೊಬ್ಬರು ಎಲ್ಲ ಕೇಳಿಸಿಕೊಂಡು ಹೇಳಿದ್ದು ಇಷ್ಟು: “ಹೆಸರು ಏನ್ ಬೇಕಾದ್ರೂ ಇಟ್ಕೊಳ್ಳಿ ಮಾರಾಯ್ರೆ. ನಾಳೆ ಬೆಳಿಗ್ಗೆ ಮಳೆ ಬರೆದ್ರೆ ಲೆಕ್ಕ ಬರ್ಬೇಕು, ಅಷ್ಟೇ.”

ನಾಲ್ಕನೇ ಹೆಜ್ಜೆ: ಬದಲಿಸದೆ ಬದಲಿಸುವ ದಾರಿ ಇದೆಯಾ ನೋಡಿ

ಇಲ್ಲಿ ನನ್ನ ಅಚ್ಚುಮೆಚ್ಚಿನ ಕಥೆ ಹೇಳಲೇಬೇಕು. ಹಳಗನ್ನಡದಲ್ಲಿ ಮಳೆಯನ್ನು ‘ಮೞೆ’ ಎಂದು ಬರೆಯುತ್ತಿದ್ದರು. ಆ ೞ ಅಕ್ಷರ ಬಳಕೆಯಿಂದ ಬಿಟ್ಟುಹೋಗಿ ಶತಮಾನಗಳಾದವು, ಆದರೆ ಶಾಸನ, ಹಳೆಯ ಕಾವ್ಯ ಟೈಪ್ ಮಾಡುವವರಿಗೆ ಬೇಕು. ಹಾಗಾಗಿ ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರ್ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಅದಕ್ಕೊಂದು ಜಾಗ ಇದೆ. ಪ್ರತಿ ಅಕ್ಷರಕ್ಕೂ ಅಲ್ಲಿ ಇಂಗ್ಲಿಷಿನಲ್ಲಿ ಅಧಿಕೃತ ಹೆಸರು ಇರುತ್ತದೆ. ೞ ಅಕ್ಷರಕ್ಕೆ ಕೊಟ್ಟ ಹೆಸರು ‘ಕನ್ನಡ ಲೆಟರ್ ಫಾ’! ಫಾ ಎಲ್ಲಿ, ೞ ಎಲ್ಲಿ. ಶುದ್ಧ ತಪ್ಪು.

ತಪ್ಪು ಗೊತ್ತಾದ ಮೇಲೆ ತಿದ್ದಿದರೇ? ಇಲ್ಲ. ಒಮ್ಮೆ ಕೊಟ್ಟ ಅಕ್ಷರದ ಹೆಸರನ್ನು ಯಾವ ಕಾರಣಕ್ಕೂ ಬದಲಿಸುವಂತಿಲ್ಲ ಎಂಬುದು ಯೂನಿಕೋಡಿನ ನಿಯಮ. ಏಕೆಂದರೆ ಆ ಹೆಸರನ್ನು ನೆಚ್ಚಿಕೊಂಡ ಪ್ರೋಗ್ರಾಮುಗಳು ಎಲ್ಲೆಲ್ಲಿವೆಯೋ ಯಾರಿಗೂ ಗೊತ್ತಿಲ್ಲ. ಬದಲಿಗೆ ‘ಎಲ್‌ಎಲ್‌ಎಲ್‌ಎ’ ಎಂಬ ಸರಿಯಾದ ಹೆಸರನ್ನು ತಿದ್ದುಪಡಿ ಎಂದು ಪಕ್ಕದಲ್ಲಿ ಸೇರಿಸಿದರು. ಇವತ್ತು ಪೈಥಾನಿನಲ್ಲಿ ೞ ಕೊಟ್ಟು ಹೆಸರೇನು ಎಂದು ಕೇಳಿದರೆ ‘ಫಾ’ ಎನ್ನುತ್ತದೆ. ಸರಿಯಾದ ಹೆಸರು ಕೊಟ್ಟು ಅಕ್ಷರ ಹುಡುಕಿದರೆ ಅದೂ ಸಿಗುತ್ತದೆ. ಒಂದು ನಿಮಿಷದ ಕೆಲಸ, ಮಾಡಿ ನೋಡಿ.

ಅಂದರೆ ಹಳೇ ಹೆಸರು ಯಂತ್ರಕ್ಕೆ, ಸರಿಯಾದ ಹೆಸರು ಮನುಷ್ಯರಿಗೆ. ನಿಮ್ಮ ತೊಂದರೆ ಬೋರ್ಡಿನದ್ದಷ್ಟೇ ಆಗಿದ್ದರೆ ಬೋರ್ಡು ಬದಲಿಸಿ. ಪುಟದ ತಲೆಬರಹ, ಲೋಗೋ, ದಾಖಲೆಗಳಲ್ಲಿ ಹೊಸ ಹೆಸರು ಹಾಕಿ. ಇನ್‌ಸ್ಟಾಲ್ ಮಾಡುವ ಸಾಲನ್ನು ಅದರ ಕೆಳಗೇ ದಪ್ಪಗೆ ತೋರಿಸಿ. ಉಳಿದದ್ದನ್ನು ಮುಟ್ಟಬೇಡಿ. ಹೆಚ್ಚಿನವರಿಗೆ ಈ ಲೇಖನ ಇಲ್ಲಿಗೇ ಮುಗಿಯಬಹುದು.

ಐದನೇ ಹೆಜ್ಜೆ: ಹೊಸ ಹೆಸರು ಹುಡುಕುವಾಗ

ಒಂದು ಸಲ ಬದಲಿಸಿದರೆ ಜನ ಸಹಿಸುತ್ತಾರೆ, ಎರಡು ಸಲ ಬದಲಿಸಿದರೆ ನಗುತ್ತಾರೆ. ಫೈರ್‌ಫಾಕ್ಸ್ ಬ್ರೌಸರ್ ಹುಟ್ಟಿದ್ದು ಫೀನಿಕ್ಸ್ ಎಂಬ ಹೆಸರಿನಲ್ಲಿ. ಟ್ರೇಡ್‌ಮಾರ್ಕ್ ತಕರಾರು ಬಂದು 2003ರಲ್ಲಿ ಫೈರ್‌ಬರ್ಡ್ ಆಯಿತು. ಆ ಹೆಸರಿನ ಮುಕ್ತ ಡೇಟಾಬೇಸ್ ಆಗಲೇ ಇತ್ತು, ಅವರು ಸಿಟ್ಟಾದರು. 2004ರ ಫೆಬ್ರುವರಿಯಲ್ಲಿ ಮೂರನೇ ಹೆಸರು.

ನಾವು ಕೆಲವು ಹೆಸರು ಪರೀಕ್ಷಿಸಿದ್ದು ಹೀಗೆ. ‘ಸೋನೆ’ ಎಂದೆ ನಾನು. ಚೆಂದದ ಹೆಸರು, ಮಲೆನಾಡಿನ ಜಿಟಿಜಿಟಿ ಮಳೆ ಕಣ್ಣೆದುರಿಗೆ ಬರುತ್ತದೆ. ಹಿಂದಿಯವರಿಗೆ ಅದು ಚಿನ್ನ, ಇಲ್ಲವೇ ನಿದ್ದೆ ಎಂದು ಜೊತೆಗಾರ ಕಲ್ಲು ಹಾಕಿದ. ‘ಹನಿ’ ಎಂದರೆ ಇಂಗ್ಲಿಷಿನವರಿಗೆ ಜೇನು. ‘ಮುಂಗಾರು’ ಇಬ್ಬರಿಗೂ ಹಿಡಿಸಿತು. ಕೂಡಲೇ ಒಬ್ಬರು ಕೇಳಿದರು, “ಹಂಗಾದ್ರೆ ಹಿಂಗಾರಿನ ಲೆಕ್ಕ ಬರಲ್ವಾ?” ಕನ್ನಡದ ಹೆಸರಿಡುವವರು ಮೊದಲು ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಕನ್ನಡ ಬಾರದ ಒಬ್ಬರ ಕೈಲಿ ಓದಿಸಿ. ಆಮೇಲೆ ಫೋನಿನಲ್ಲಿ ಹೇಳಿ ಬರೆಸಿ. ಎರಡರಲ್ಲೂ ಪಾಸಾಗುವ ಹೆಸರು ಅಪರೂಪ.

‘ಹೊಸ’, ‘ನ್ಯೂ’, ‘2’ ಇಂಥವು ಬೇಡವೇ ಬೇಡ. ನಮ್ಮ ಹೊಸನಗರ ಎಷ್ಟು ಹೊಸದು ಎಂದು ಎಲ್ಲರಿಗೂ ಗೊತ್ತು. ಪ್ರತಿ ಊರಲ್ಲೂ ಒಂದು ‘ಹೊಸಮನೆ’ ಇರುತ್ತದೆ, ಸಾಮಾನ್ಯವಾಗಿ ಊರಿನ ಅತಿ ಹಳೆಯ ಹಂಚು ಅದರ ಮೇಲೇ ಇರುತ್ತದೆ.

ಇನ್ನು ತಾಂತ್ರಿಕ ಪರೀಕ್ಷೆ. ಪೈಪಿಐ (ಪೈಥಾನ್ ಪ್ಯಾಕೇಜುಗಳ ಆನ್‌ಲೈನ್ ಭಂಡಾರ), ಎನ್‌ಪಿಎಂ, ಗಿಟ್‌ಹಬ್, ಲಿನಕ್ಸ್ ವಿತರಣೆಗಳು, ಎಲ್ಲ ಕಡೆ ಹುಡುಕಿ. ಪೈಪಿಐ ಲೆಕ್ಕದಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ, ಅಡ್ಡಗೆರೆ, ಅಡಿಗೆರೆ, ಚುಕ್ಕೆ ಎಲ್ಲ ಒಂದೇ. ಹಾಗಾಗಿ ಅಡ್ಡಗೆರೆ ಸೇರಿಸಿದರೆ ಬೇರೆ ಹೆಸರಾಗುತ್ತದೆ ಎಂದುಕೊಳ್ಳಬೇಡಿ. ಭಾರತದ ಟ್ರೇಡ್‌ಮಾರ್ಕ್ ನೋಂದಣಿಯ ಹುಡುಕಾಟ ಆನ್‌ಲೈನಿನಲ್ಲಿ ಪುಕ್ಕಟೆ. ಸಾಫ್ಟ್‌ವೇರಿಗೆ 9ನೇ ವರ್ಗ, ಸಾಫ್ಟ್‌ವೇರ್ ಸೇವೆಗೆ 42ನೇ ವರ್ಗ ನೋಡಿ. ಉಚ್ಚಾರದಲ್ಲಿ ಹತ್ತಿರ ಇರುವುದನ್ನೂ ಹುಡುಕಬಹುದು, ಅದನ್ನು ಬಿಡಬೇಡಿ. ನೋಂದಣಿಯಾಗದ ಹೆಸರಿಗೂ ನಮ್ಮ ಕಾನೂನಿನಲ್ಲಿ ಸ್ವಲ್ಪ ರಕ್ಷಣೆ ಇದೆ, ಆದ್ದರಿಂದ ಸಾಮಾನ್ಯ ಹುಡುಕಾಟವೂ ಬೇಕು. ಲಾಯರ್ ನೋಟಿಸ್ ಏನಾದರೂ ಬಂದಿದ್ದರೆ ಸಿಟ್ಟಿನಲ್ಲಿ ರಾತ್ರೋರಾತ್ರಿ ನೀವೇ ಉತ್ತರ ಬರೆಯಬೇಡಿ. ಗೊತ್ತಿರುವ ವಕೀಲರಿಗೆ ತೋರಿಸಿ.

ಆರನೇ ಹೆಜ್ಜೆ: ಬದಲಿಸುವುದೇ ಸೈ ಎಂದಾದರೆ

ಈಗ ನಾವು ಬಿದ್ದ ಗುಂಡಿಯ ವಿಷಯ. ಪೈಪಿಐಯಲ್ಲಿ ಪ್ಯಾಕೇಜಿಗೆ ಹೆಸರು ಬದಲಿಸುವ ಗುಂಡಿಯೇ ಇಲ್ಲ, ಒತ್ತುವ ಗುಂಡಿ. ಹೊಸ ಹೆಸರಿನಲ್ಲಿ ಹೊಸ ಪ್ಯಾಕೇಜ್ ಹಾಕಬೇಕು. ಹಳೆಯದರ ಕೊನೆಯ ಆವೃತ್ತಿ ಖಾಲಿ ಇರಬೇಕು, ಹೊಸದು ಬೇಕು ಎಂದಷ್ಟೇ ಅದು ಹೇಳಬೇಕು. ಹಳಬರು ಅಪ್‌ಗ್ರೇಡ್ ಮಾಡಿದರೆ ಹೊಸದು ತಾನಾಗಿ ಬಂದು ಕೂರುತ್ತದೆ. ಎಲ್ಲ ಕಡೆ ಇದನ್ನೇ ಹೇಳುತ್ತಾರೆ.

2019ರಲ್ಲಿ ನಾವೂ ಅದನ್ನೇ ಮಾಡಿದೆವು. ಜೊತೆಗೆ ಒಂದು ಜಾಣತನ ಸೇರಿಸಿದೆವು. ಜನರ ಕೋಡು ಮುರಿಯಬಾರದು ಎಂದು ಇಂಪೋರ್ಟ್ ಹೆಸರನ್ನು ಹಳೆಯದೇ ಇಟ್ಟೆವು. ಅಂದರೆ ಹಳೇ ಪ್ಯಾಕೇಜು, ಹೊಸ ಪ್ಯಾಕೇಜು ಎರಡೂ ಒಂದೇ ಹೆಸರಿನ ಫೋಲ್ಡರಿಗೆ ಫೈಲು ಹಾಕುತ್ತಿದ್ದವು.

ಬಿಡುಗಡೆಯಾದ ಮೂರನೇ ದಿನ ಒಂದು ಕಾಲೇಜಿನ ಲ್ಯಾಬಿನಿಂದ ಫೋನು. ಪ್ರಾಕ್ಟಿಕಲ್ ನಡೆಯುತ್ತಿದೆ, ಒಂದು ಸಾಲು ಕಂಪ್ಯೂಟರಿನಲ್ಲಿ ಪ್ಯಾಕೇಜೇ ಇಲ್ಲ ಎನ್ನುತ್ತಿದೆ. ಪಿಪ್ ಕೇಳಿದರೆ ಎರಡೂ ಇನ್‌ಸ್ಟಾಲ್ ಆಗಿವೆ ಎಂದು ತೋರಿಸುತ್ತದೆ. ಫೋಲ್ಡರ್ ತೆರೆದರೆ ಖಾಲಿ.

ಆದದ್ದು ಇಷ್ಟು. ಅಪ್‌ಗ್ರೇಡ್ ಮಾಡುವಾಗ ಪಿಪ್ ಮೊದಲು ಬೇಕಾದ ಪ್ಯಾಕೇಜನ್ನು, ಅಂದರೆ ನಮ್ಮ ಹೊಸದನ್ನು, ತಂದು ಫೋಲ್ಡರಿಗೆ ಹಾಕಿತು. ಹಳೇ ಫೈಲುಗಳ ಮೇಲೇ ಹೊಸವು ಕೂತವು. ಆಮೇಲೆ ಹಳೇ ಪ್ಯಾಕೇಜಿನ ಸರದಿ. ಅದರ ಹಿಂದಿನ ಆವೃತ್ತಿ ತೆಗೆಯಬೇಕಲ್ಲ? ಯಾವ ಫೈಲು ತನ್ನವು ಎಂದು ಅದರ ಪಟ್ಟಿಯಲ್ಲಿ ಬರೆದಿತ್ತೋ ಅವನ್ನೆಲ್ಲ ಅಳಿಸಿತು. ಆ ಹೆಸರಿನಲ್ಲಿ ಆಗ ಕೂತಿದ್ದವು ಹೊಸ ಫೈಲುಗಳು. ಬಂದ ನೆಂಟರನ್ನು ಕೂರಿಸಿ, ಆಮೇಲೆ ಅವರು ಕೂತ ಚಾಪೆಯ ಸಮೇತ ಗುಡಿಸಿ ಹೊರಗೆ ಹಾಕಿದಂತಾಯಿತು. ಪಿಪ್ ತಪ್ಪಿಲ್ಲ, ಹೇಳಿದ್ದನ್ನೇ ಮಾಡಿದೆ. ಅವತ್ತಿನ ಮಟ್ಟಿಗೆ ಎರಡನ್ನೂ ತೆಗೆದು ಹೊಸದನ್ನು ಮಾತ್ರ ಹಾಕಿಸಿ ಪ್ರಾಕ್ಟಿಕಲ್ ಮುಗಿಸಿದರು. ನಾವು ಅದೇ ವಾರ ಹೊಸ ಹೆಸರಿನ ಬಿಡುಗಡೆಯನ್ನು ಹಿಂತೆಗೆದುಕೊಂಡು, ಹಳೇ ಹೆಸರಿಗೇ ಕೋಡು ವಾಪಸ್ ಹಾಕಿ ಕ್ಷಮೆ ಕೇಳಿದೆವು.

ಸರಿಯಾದ ದಾರಿ: ಹೊಸ ಪ್ಯಾಕೇಜಿಗೆ ಇಂಪೋರ್ಟ್ ಹೆಸರೂ ಹೊಸದೇ ಇರಲಿ, ಫೋಲ್ಡರೂ ಬೇರೆ. ಹಳೇ ಪ್ಯಾಕೇಜಿನ ಕೊನೆಯ ಆವೃತ್ತಿಯಲ್ಲಿ ಹಳೇ ಹೆಸರಿನ ಫೋಲ್ಡರ್ ಹಾಗೇ ಇರಲಿ, ಒಳಗೆ ಹೊಸದರ ಕಡೆ ಕೈ ತೋರಿಸುವ ನಾಲ್ಕು ಸಾಲು ಕೋಡು ಸಾಕು. ಎರಡೂ ಒಂದೇ ಜಾಗಕ್ಕೆ ಜಗಳವಾಡುವುದಿಲ್ಲ. ಬರೀ ಸ್ಟಾರ್ ಇಂಪೋರ್ಟ್ (ಹೊಸದರಲ್ಲಿರುವುದನ್ನು ಒಂದೇ ಸಾಲಿನಲ್ಲಿ ತರುವುದು) ಹಾಕಿ ಮುಗಿಸಬೇಡಿ. ಹಳೇ ಹೆಸರಿನ ಒಳ ಮಾಡ್ಯೂಲುಗಳನ್ನು ನೇರವಾಗಿ ಇಂಪೋರ್ಟ್ ಮಾಡಿಕೊಂಡವರಿಗೆ ಅದು ಸಾಲದು, ಪ್ರತಿಯೊಂದಕ್ಕೂ ಒಂದೊಂದು ಪುಟ್ಟ ಫೈಲು ಬೇಕು. ಕೋಡನ್ನು ಎರಡೂ ಕಡೆ ನಕಲು ಮಾಡಿ ಇಡುವುದಂತೂ ಬೇಡ. ಒಂದೇ ಕ್ಲಾಸಿನ ಎರಡು ಪ್ರತಿ ಹುಟ್ಟಿ, ಒಂದನ್ನು ಇನ್ನೊಂದು ಗುರುತಿಸದೆ ವಿಚಿತ್ರ ತೊಂದರೆಗಳು ಬರುತ್ತವೆ. ಹಳೇ ಪಿಕಲ್ ಫೈಲು ಒಂದನ್ನು ಇಟ್ಟುಕೊಂಡು, ಅದು ತೆರೆಯುತ್ತದೆಯೇ ಎಂದು ಪರೀಕ್ಷಿಸಿಯೇ ಬಿಡುಗಡೆ ಮಾಡಿ.

ಎಚ್ಚರಿಕೆಯ ಮಾತು ಎಲ್ಲಿ ಕಾಣುತ್ತದೆ ಎಂಬುದೂ ಮುಖ್ಯ. ಪೈಥಾನಿನಲ್ಲಿ ಡೆಪ್ರಿಕೇಶನ್ ವಾರ್ನಿಂಗ್ (ಇದು ಹಳತಾಯಿತು, ಬಿಡಿ ಎಂಬ ಎಚ್ಚರಿಕೆ) ಸಾಮಾನ್ಯ ಬಳಕೆದಾರರಿಗೆ ಬಹುಪಾಲು ಕಾಣುವುದೇ ಇಲ್ಲ. ನೇರವಾಗಿ ಓಡಿಸಿದ ಸ್ಕ್ರಿಪ್ಟಿನಲ್ಲೇ ಅದು ಎದ್ದರೆ ಮಾತ್ರ ಕಾಣುತ್ತದೆ. ಫ್ಯೂಚರ್ ವಾರ್ನಿಂಗ್ ಎಲ್ಲರಿಗೂ ಕಾಣುತ್ತದೆ. ಮೊದಲ ಆರು ತಿಂಗಳು ಮೊದಲಿನದು, ಆಮೇಲೆ ಎರಡನೆಯದು ಹಾಕಿ. ಎನ್‌ಪಿಎಂನಲ್ಲಿ ಡೆಪ್ರಿಕೇಟ್ ಎಂಬ ಕಮ್ಯಾಂಡೇ ಇದೆ, ಇನ್‌ಸ್ಟಾಲ್ ಮಾಡುವವರ ಮುಂದೆ ನಿಮ್ಮ ಸಂದೇಶ ಬರುತ್ತದೆ.

ಸಮಯವನ್ನೂ ನೋಡಿ. ನಮ್ಮ ಬಳಕೆದಾರರಿಗೆ ಜೂನಿನಿಂದ ಸೆಪ್ಟೆಂಬರ್ ಅಂದರೆ ಸುಗ್ಗಿ. ದಿನಾ ಮಳೆ ಬರೆಯುವ ಕಾಲದಲ್ಲಿ ಹೆಸರು ಕೆದಕಿದರೆ ಶಾಪ ಹಾಕುತ್ತಾರೆ. ಕಾಲೇಜುಗಳಿಗಾದರೆ ಒಂದು ಶೈಕ್ಷಣಿಕ ವರ್ಷ ಪೂರ್ತಿ ಎರಡೂ ಹೆಸರು ಓಡಬೇಕು. ನಿಮ್ಮವರ ಸುಗ್ಗಿ ಯಾವಾಗ ಎಂದು ನಿಮಗೇ ಗೊತ್ತಿರುತ್ತದೆ.

ಏಳನೇ ಹೆಜ್ಜೆ: ಹಳೇ ಹೆಸರನ್ನು ಬಿಟ್ಟುಕೊಡಬೇಡಿ

ಹೊಸ ಹೆಸರು ಚೆನ್ನಾಗಿ ಓಡುತ್ತಿದೆ, ಹಳೆಯದನ್ನು ಅಳಿಸೋಣ ಎನಿಸುತ್ತದೆ. ಅಳಿಸಬೇಡಿ. ಪೈಪಿಐಯಲ್ಲಿ ಅಳಿಸಿದ ಪ್ಯಾಕೇಜಿನ ಹೆಸರನ್ನು ಬೇರೆ ಯಾರು ಬೇಕಾದರೂ ಹಿಡಿಯಬಹುದು. ಹಳೇ ಸ್ಕ್ರಿಪ್ಟುಗಳು ಇನ್ನೂ ಆ ಹೆಸರನ್ನೇ ಕೇಳುತ್ತಿರುತ್ತವೆ. ಅಲ್ಲಿ ಕೂತವನು ಕಳ್ಳನಾಗಿದ್ದರೆ ಕಳ್ಳನ ಕೋಡು ನಿಮ್ಮವರ ಕಂಪ್ಯೂಟರಿಗೆ ನೇರ ಹೋಗುತ್ತದೆ. 2016ರ ಮಾರ್ಚಿನಲ್ಲಿ ಎನ್‌ಪಿಎಂನಲ್ಲಿ ಹೆಸರಿನ ಜಗಳವೊಂದು ಎದ್ದು, ಬೇಸತ್ತ ಲೇಖಕರು ತಮ್ಮ ಪ್ಯಾಕೇಜುಗಳನ್ನೆಲ್ಲ ತೆಗೆದರು. ಅದರಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ ಕೆಲವೇ ಸಾಲಿನ ಪ್ಯಾಕೇಜ್ ಇತ್ತು. ಅದನ್ನು ನೆಚ್ಚಿಕೊಂಡ ದೊಡ್ಡ ದೊಡ್ಡ ಪ್ರಾಜೆಕ್ಟುಗಳ ಬಿಲ್ಡ್‌ಗಳು ಜಗತ್ತಿನಾದ್ಯಂತ ನಿಂತವು. ಆಮೇಲೆ ಎನ್‌ಪಿಎಂ ನಿಯಮ ಬಿಗಿ ಮಾಡಿತು.

ಗಿಟ್‌ಹಬ್ಬಿನಲ್ಲಿ ರೆಪೊದ ಹೆಸರು ಬದಲಿಸಿದರೆ ಹಳೇ ವಿಳಾಸ ತಾನಾಗಿ ಹೊಸದಕ್ಕೆ ಕಳಿಸುತ್ತದೆ. ಇದು ಕೆಲವು ಕಡೆ ಕೈಕೊಡುತ್ತದೆ. ಅದೇ ಖಾತೆಯಲ್ಲಿ ಹಳೇ ಹೆಸರಿನಿಂದ ಇನ್ನೊಂದು ರೆಪೊ ತೆರೆದರೆ ಈ ದಾರಿ ಅಳಿಸಿಹೋಗುತ್ತದೆ. ನಿಮ್ಮ ರೆಪೊ ಗಿಟ್‌ಹಬ್ ಆ್ಯಕ್ಷನ್ (ಬೇರೆಯವರ ರೆಪೊದಲ್ಲಿ ತಾನಾಗಿ ಓಡುವ ಕೆಲಸದ ತುಣುಕು) ಆಗಿದ್ದರೆ ಅದನ್ನು ಬಳಸುವವರಿಗೆ ಈ ಸೌಲಭ್ಯವೇ ಇಲ್ಲ, ಅವರ ಕೆಲಸ ನಿಲ್ಲುತ್ತದೆ. ಪ್ರಾಜೆಕ್ಟಿಗೆ ಗಿಟ್‌ಹಬ್ ಕೊಡುವ ವೆಬ್ ಪುಟದ, ಅಂದರೆ ಗಿಟ್‌ಹಬ್ ಪೇಜಸ್‌ನ, ವಿಳಾಸಕ್ಕೂ ಅಷ್ಟೇ.

ನಾವು ಕೊನೆಗೆ ಏನು ಮಾಡಿದೆವು ಅಂದ್ರೆ, 2021ರ ಫೆಬ್ರುವರಿಯಲ್ಲಿ ಬೋರ್ಡು ಮಾತ್ರ ಬದಲಿಸಿದೆವು. ಪುಟ ತೆರೆದರೆ ‘ಮುಂಗಾರು’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕಾಣುತ್ತದೆ, ಕೆಳಗೆ ಸಣ್ಣಕ್ಷರದಲ್ಲಿ ‘ಹಿಂಗಾರೂ ಸೇರಿದೆ’. ಇನ್‌ಸ್ಟಾಲ್ ಹೆಸರು, ಇಂಪೋರ್ಟ್ ಹೆಸರು ಎರಡೂ ‘ಶಿಮೊಗ-ಮಳೆ’ಯ ಕಾಲದ್ದೇ. ಕಾನೂನಿನ ಸರಕು ಬಂದರೆ ಮಾತ್ರ ಉಳಿದದ್ದನ್ನು ಮುಟ್ಟುವುದು ಎಂದು ಇಬ್ಬರೂ ಒಪ್ಪಿ, ಯಾವ ಕ್ರಮದಲ್ಲಿ ಮುಟ್ಟಬೇಕು ಎಂಬುದನ್ನು ಬರೆದು ರೆಪೊದಲ್ಲೇ ಇಟ್ಟಿದ್ದೇವೆ. 2019ರಲ್ಲಿ ತೆರೆದು ಮುಚ್ಚಿದ ಹೆಸರೂ ನಮ್ಮ ಖಾತೆಯಲ್ಲೇ ಇದೆ, ಕೋಡಿಲ್ಲದೆ. ಖಾತೆಯ ಪಾಸ್‌ವರ್ಡ್, ಎರಡನೇ ಹಂತದ ಕೋಡುಗಳ ಪ್ರತಿ ಇಬ್ಬರ ಮನೆಯಲ್ಲೂ ಒಂದೊಂದು. ಹಳೇ ಹೆಸರಿನ ಡೊಮೈನ್ ನವೀಕರಣದ ದುಡ್ಡು ಕಟ್ಟುವುದು ಪ್ರತಿ ವರ್ಷ ಜೂನ್ ಕೊನೆಗೆ, ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಬರುತ್ತದೆ. ಆಗ ಕರೆಂಟೂ ಇರುವುದಿಲ್ಲ, ನೆಟ್ಟೂ ಇರುವುದಿಲ್ಲ. ಅದಕ್ಕೇ ಮೇ ತಿಂಗಳ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ.